ಮನೆಯಿಂದಲೇ ಬಿಸಿನೆಸ್ ಕಲಿಸುವ ಕೋರ್ಸ್: ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೇನೆ. ಮನೆಯಿಂದಲೇ ಆನ್‌ಲೈನ್ ಬಿಸಿನೆಸ್ ಮಾಡುವುದು ಹೇಗೆಂಬ ಉಚಿತ ವೆಬಿನಾರ್ ನೋಡಿದೆ. ಕೊನೆಗೆ ‘15 ನಿಮಿಷದೊಳಗೆ ಸೇರಿದರೆ ಅರ್ಧ ಬೆಲೆ, ಉಳಿದಿರುವುದು 7 ಸೀಟು ಮಾತ್ರ’ ಎಂದರು. ಸೇರಬಹುದೇ?

ಉತ್ತರ: ಆ 15 ನಿಮಿಷ ಕಳೆದುಹೋಗಲಿ ಬಿಡಿ, ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ಇಂಥ ವೆಬಿನಾರ್‌ಗಳಲ್ಲಿ ಅನೇಕವು ನೇರ ಪ್ರಸಾರವೇ ಅಲ್ಲ. ಎಂದೋ ರೆಕಾರ್ಡ್ ಮಾಡಿದ ವಿಡಿಯೊ ಓಡುತ್ತಿರುತ್ತದೆ, ಪಕ್ಕದ ಚಾಟ್‌ನಲ್ಲಿ ಬರುವ ‘ನಾನು ಸೇರಿದೆ’ ಎಂಬ ಮಾತುಗಳನ್ನೂ ಮೊದಲೇ ತುಂಬಿಸಿಟ್ಟಿರುತ್ತಾರೆ. ಪರೀಕ್ಷಿಸಬೇಕೆಂದರೆ ಅದೇ ಲಿಂಕನ್ನು ಇನ್‌ಕಾಗ್ನಿಟೊ ವಿಂಡೊದಲ್ಲೋ ಬೇರೆ ಫೋನಿನಲ್ಲೋ ತೆರೆಯಿರಿ. ಗಡಿಯಾರ ಮತ್ತೆ 15ರಿಂದಲೇ ಇಳಿಯಲು ಶುರುವಾದರೆ, ಅದು ನಿಮ್ಮ ಬ್ರೌಸರ್‌ನ ಕುಕೀ (ನೀವು ಪುಟಕ್ಕೆ ಬಂದದ್ದನ್ನು ಬ್ರೌಸರ್ ಉಳಿಸಿಡುವ ಪುಟ್ಟ ಗುರುತು) ನೋಡಿಕೊಂಡು ಓಡುವ ಗಡಿಯಾರ. ಇನ್ನು ಸೀಟಿನ ವಿಷಯ: ರೆಕಾರ್ಡ್ ಮಾಡಿದ ಪಾಠವನ್ನು ಎಷ್ಟು ಜನರಿಗೆ ಬೇಕಾದರೂ ಮಾರಬಹುದು.

ನೀವು ಷರತ್ತುಗಳನ್ನು ಓದಲು ಕೂರಬಾರದೆಂದೇ ಇಷ್ಟು ಅವಸರ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಒಂದು ನಿಯಮ 2012ರ ಮಾರ್ಚ್‌ನಿಂದ ಈಗಿನ ರೂಪದಲ್ಲಿ ಜಾರಿಯಲ್ಲಿದೆ. ಬಿಸಿನೆಸ್ ಅವಕಾಶ ಮಾರುವವರು ದುಡ್ಡು ತೆಗೆದುಕೊಳ್ಳುವ ಅಥವಾ ಸಹಿ ಹಾಕಿಸುವ ಕನಿಷ್ಠ 7 ದಿನ ಮುಂಚೆ ಒಂದು ಪುಟದ ವಿವರಪತ್ರ ಕೊಡಬೇಕು. ಮಾರುವವರು ಯಾರು, ಅವರ ಮೇಲೆ ಕೇಸುಗಳಿವೆಯೇ, ಗಳಿಕೆಯ ಭರವಸೆ ಕೊಡುತ್ತಿದ್ದಾರೆಯೇ, ರದ್ದು ಮಾಡಿದರೆ ಹಣ ವಾಪಸಾಗುತ್ತದೆಯೇ ಎಂಬುದು ಅದರಲ್ಲಿರಬೇಕು, ಹಿಂದೆ ಕೊಂಡ 10 ಜನರ ಹೆಸರು ಮತ್ತು ಸಂಪರ್ಕವೂ ಇರಬೇಕು. ಎಲ್ಲ ಕೋರ್ಸುಗಳೂ ಈ ನಿಯಮದಡಿ ಬರುವುದಿಲ್ಲ, ಬೇರೆ ದೇಶಗಳಿಗೆ ಅನ್ವಯಿಸುವುದೂ ಇಲ್ಲ. ಆದರೆ ಈ ಐದು ಪ್ರಶ್ನೆಗಳನ್ನು ಯಾರಿಗೆ ಬೇಕಾದರೂ ಇಮೇಲ್‌ನಲ್ಲಿ ಕೇಳಬಹುದು. ಲಿಖಿತ ಉತ್ತರ ಕೊಡದೆ ಫೋನ್ ಮಾಡುವವರಿಗೆ ದುಡ್ಡು ಕಟ್ಟಬೇಡಿ.

ಪ್ರಶ್ನೆ: ಮೊದಲು ಕಟ್ಟಿದ ಶುಲ್ಕ ಕಡಿಮೆಯೇ ಇತ್ತು. ಈಗ ‘ನಿಜವಾದ ವಿಧಾನ ಮುಂದಿನ ಹಂತದಲ್ಲಿದೆ’ ಎನ್ನುತ್ತಿದ್ದಾರೆ. ಒಟ್ಟು ಎಷ್ಟು ಖರ್ಚಾಗಬಹುದು ಎಂದು ಅಂದಾಜಿಸುವುದು ಹೇಗೆ?

ಉತ್ತರ: ಆ ಸಣ್ಣ ಶುಲ್ಕದಿಂದ ಅವರಿಗೆ ಲಾಭವಿರುವುದು ಅಪರೂಪ. ಬಹಳ ಸಲ ಅದು ಅವರ ಜಾಹೀರಾತಿನ ಖರ್ಚಿಗೇ ಸರಿಹೋಗುತ್ತದೆ. ಯಾರು ಕಾರ್ಡ್ ಹೊರತೆಗೆಯುತ್ತಾರೆ ಎಂದು ಪತ್ತೆ ಮಾಡುವುದು ಅದರ ಕೆಲಸ. ಆಮೇಲೆ ಫೋನ್ ಮಾಡುವ ‘ಕೋಚ್’ ಹೆಚ್ಚಾಗಿ ಕಮಿಷನ್ ಮೇಲೆ ದುಡಿಯುವ ಮಾರಾಟಗಾರ. ಉಳಿತಾಯ ಎಷ್ಟಿದೆ, ಕಾರ್ಡ್ ಮಿತಿ ಎಷ್ಟು ಎಂದು ಆತ ಕೇಳಿದರೆ, ಮುಂದಿನ ಹಂತದ ಬೆಲೆಯನ್ನು ನಿಮ್ಮ ಶಕ್ತಿ ನೋಡಿ ನಿಗದಿ ಮಾಡುತ್ತಿದ್ದಾನೆ ಎಂದೇ ತಿಳಿಯಿರಿ. ಮೇಲಿನ ಎಲ್ಲ ಹಂತಗಳ ಬೆಲೆಪಟ್ಟಿಯನ್ನು ಒಟ್ಟಿಗೆ ಬರವಣಿಗೆಯಲ್ಲಿ ಕೊಡಿ ಎನ್ನಿ.

ಕೋರ್ಸಿನ ಹೊರಗಿನ ಖರ್ಚು ಬೇರೆ. ಡೊಮೇನ್ (ವೆಬ್‌ಸೈಟಿನ ವಿಳಾಸ), ಹೋಸ್ಟಿಂಗ್ (ಅದನ್ನು ಇಡುವ ಜಾಗದ ಬಾಡಿಗೆ), ಮಾರಾಟದ ಪುಟ ಕಟ್ಟುವ ಸಾಫ್ಟ್‌ವೇರ್, ಚಂದಾದಾರರು ಹೆಚ್ಚಿದಂತೆ ಬಾಡಿಗೆಯೂ ಏರುವ ಇಮೇಲ್ ಸೇವೆ, ಪ್ರತಿ ಮಾರಾಟದಲ್ಲೂ ಪಾವತಿ ಸಂಸ್ಥೆ ಮುರಿದುಕೊಳ್ಳುವ ಶುಲ್ಕ. ಇವುಗಳಲ್ಲಿ ಹಲವು ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತವೆ, ನೀವು ಏನೂ ಮಾರದಿದ್ದರೂ.

ಇವೆಲ್ಲಕ್ಕಿಂತ ಹೆಚ್ಚು ಹಣ ತಿನ್ನುವುದು ಜಾಹೀರಾತು. ಜಾಹೀರಾತಿನ ಮೇಲೆ ಯಾರಾದರೂ ಕ್ಲಿಕ್ ಮಾಡಿ ನಿಮ್ಮ ಪುಟಕ್ಕೆ ಬಂದಾಗಲೆಲ್ಲ ನಿಮ್ಮ ಹಣ ಖರ್ಚಾಗುತ್ತದೆ. ಲೆಕ್ಕ ಹೀಗಿದೆ. ನಿಮ್ಮ ಪುಟಕ್ಕೆ ಬಂದ 100 ಜನರಲ್ಲಿ ಒಬ್ಬರು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಮಾರಾಟಕ್ಕೆ 100 ಕ್ಲಿಕ್ಕಿನ ಹಣ ಬೇಕು. ಆ ಮಾರಾಟದಲ್ಲಿ ಕೈಗೆ ಬರುವ ಕಮಿಷನ್ 40 ಕ್ಲಿಕ್ಕಿನ ಬೆಲೆಯಷ್ಟಿದ್ದರೆ, ಪ್ರತಿ ಮಾರಾಟಕ್ಕೂ 60 ಕ್ಲಿಕ್ಕಿನ ಹಣ ನಷ್ಟ. ಮಾರಾಟ ಹೆಚ್ಚಾದಷ್ಟೂ ನಷ್ಟವೂ ಬೆಳೆಯುತ್ತದೆ! ಹೊಸಬರು ಎಡವುವ ಇನ್ನೊಂದು ಜಾಗವಿದೆ. 100 ಕ್ಲಿಕ್ ಕೊಂಡು ಒಂದೂ ಮಾರಾಟವಾಗದಿದ್ದರೆ ಪುಟ ಕೆಟ್ಟದೆಂದು ಬಿಸಾಡಿ ಮತ್ತೊಂದು ಕೋರ್ಸ್ ಕೊಳ್ಳುತ್ತಾರೆ. ನಿಜಕ್ಕೂ 100ಕ್ಕೆ 1 ಮಾರಾಟ ತರುವ ಪುಟದಲ್ಲೂ ಮೊದಲ 100 ಕ್ಲಿಕ್ಕಿಗೆ ಶೂನ್ಯ ಬರುವ ಸಾಧ್ಯತೆ ಸುಮಾರು ಶೇ 37. 300 ಕ್ಲಿಕ್ ಆದ ಮೇಲೂ ಶೂನ್ಯವೇ ಇದ್ದರೆ ಆಗ ಅನುಮಾನಪಡಿ, ಆ ಹೊತ್ತಿಗೆ ಸಾಧ್ಯತೆ ಶೇ 5ಕ್ಕೆ ಇಳಿದಿರುತ್ತದೆ. ಹಾಗಾಗಿ ನೀವು ಆರಿಸಿಕೊಂಡ ವಿಷಯದಲ್ಲಿ ಒಂದು ಕ್ಲಿಕ್ಕಿಗೆ ಎಷ್ಟು ಬೀಳುತ್ತದೆ ಎಂದು ಜಾಹೀರಾತು ವೇದಿಕೆಯಲ್ಲೇ ನೋಡಿ, ಅದನ್ನು 300ರಿಂದ ಗುಣಿಸಿ. ಅಷ್ಟು ಹಣ ಹೋದರೂ ಮನೆ ನಡೆಯುತ್ತದೆ ಎಂದಾದರೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ಕೋರ್ಸ್ ಕೊಂಡವರು ಅದೇ ಕೋರ್ಸನ್ನು ಮರುಮಾರಾಟ ಮಾಡಿ ಪೂರ್ತಿ ಹಣ ಇಟ್ಟುಕೊಳ್ಳಬಹುದಂತೆ. ಇದರಲ್ಲಿ ತಪ್ಪೇನು?

ಉತ್ತರ: ಕೊನೆಯಲ್ಲಿ ಕೊಂಡವರು ಯಾರಿಗೆ ಮಾರಬೇಕು? ಒಬ್ಬೊಬ್ಬರೂ 10 ಜನರಿಗೆ ಮಾರಿದರೆ ಆರನೇ ಸುತ್ತಿಗೆ 10 ಲಕ್ಷ ಹೊಸ ಗ್ರಾಹಕರು ಬೇಕು. ಅವರೆಲ್ಲರ ಕೈಯಲ್ಲೂ ಅದೇ ಪಾಠ, ಅದೇ ಮಾರಾಟದ ಪುಟ, ಅದೇ ಹಕ್ಕು. ಹಾಗಾಗಿ ಬೆಲೆ ಬೇಗ ನೆಲಕಚ್ಚುತ್ತದೆ, ಕೆಲವರು ಅದನ್ನೇ ಉಚಿತವಾಗಿ ಹಂಚತೊಡಗುತ್ತಾರೆ. ಈ ಬಿಸಿನೆಸ್‌ಗೆ ಸೇರುವ ಆಸೆಯಿಲ್ಲದ, ಪಾಠ ಮಾತ್ರ ಬೇಕೆಂದು ಕೊಂಡ ಒಬ್ಬ ಗ್ರಾಹಕನನ್ನು ತೋರಿಸಿ ಎಂದು ಕೇಳಿ. ತೋರಿಸಲಾಗದಿದ್ದರೆ ಅಲ್ಲಿ ವ್ಯಾಪಾರವಾಗುತ್ತಿರುವುದು ಸೇರ್ಪಡೆಯೇ.

ಪ್ರಶ್ನೆ: ಗಳಿಕೆಯ ಸ್ಕ್ರೀನ್‌ಶಾಟ್, ಹೊಗಳುವ ವಿಮರ್ಶೆಗಳನ್ನು ನಂಬಬಹುದೇ?

ಉತ್ತರ: ಬ್ರೌಸರ್‌ನಲ್ಲಿ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ತೆರೆದರೆ ಪರದೆಯ ಮೇಲಿನ ಯಾವ ಅಂಕಿಯನ್ನಾದರೂ ಅರೆನಿಮಿಷದಲ್ಲಿ ತಿದ್ದಬಹುದು. ಚಿತ್ರ ಅಸಲಿಯೇ ಆಗಿದ್ದರೂ ಅದು ಹೆಚ್ಚಾಗಿ ತೋರಿಸುವುದು ಒಟ್ಟು ವಹಿವಾಟು. ಜಾಹೀರಾತು ಖರ್ಚು, ವಾಪಸು ಕೊಟ್ಟ ಹಣ ಅದರಲ್ಲಿ ಕಳೆದಿರುವುದಿಲ್ಲ. ವಿಮರ್ಶೆ ಓದುವಾಗ ಕೊನೆಯ ‘ಇಲ್ಲಿ ಕೊಳ್ಳಿ’ ಬಟನ್ನಿನ ವಿಳಾಸ ನೋಡಿ. ‘ref’, ‘aff’ ಎಂಬಂಥ ಅಕ್ಷರಗಳ ಜೊತೆ ಯಾರದೋ ಗುರುತಿದ್ದರೆ ಬರೆದವರಿಗೆ ಕಮಿಷನ್ ಇದೆ ಎಂದರ್ಥ.

ಪ್ರಶ್ನೆ: 30 ದಿನದೊಳಗೆ ಹಣ ವಾಪಸ್ ಗ್ಯಾರಂಟಿ ಎಂದಿದ್ದರು. ಈಗ ‘ನೀವು ಹೋಮ್‌ವರ್ಕ್ ಮುಗಿಸಿಲ್ಲ’ ಎಂದು ನಿರಾಕರಿಸುತ್ತಿದ್ದಾರೆ. ದಾರಿ ಇದೆಯೇ?

ಉತ್ತರ: ಇದೆ, ಆದರೆ ತಡಮಾಡಬೇಡಿ. ಅವರ ಷರತ್ತಿನ ಪುಟದಲ್ಲಿ ಹೆಚ್ಚಾಗಿ ಹೀಗಿರುತ್ತದೆ: ಎಲ್ಲ ಪಾಠ ಮುಗಿಸಿರಬೇಕು, ಜಾಹೀರಾತು ಓಡಿಸಿದ್ದಕ್ಕೆ ದಾಖಲೆ ತೋರಿಸಬೇಕು, ಕೋಚ್ ಜೊತೆಗಿನ ಕರೆಗಳಿಗೆ ಹಾಜರಾಗಿರಬೇಕು. ಪಾಠಗಳನ್ನು ವಾರಕ್ಕೊಂದರಂತೆ 8 ವಾರ ಬಿಡುಗಡೆ ಮಾಡಿ, ಗಡುವನ್ನು ಮಾತ್ರ ಹಣ ಕಟ್ಟಿದ ದಿನದಿಂದಲೇ ಎಣಿಸುವುದುಂಟು. ಅಂಥ ಷರತ್ತನ್ನು 30 ದಿನದಲ್ಲಿ ಪೂರೈಸಲು ಯಾರಿಂದಲೂ ಆಗದು. ಆ ಅಸಾಧ್ಯತೆಯನ್ನೇ ನಿಮ್ಮ ವಾದವಾಗಿಸಿಕೊಳ್ಳಿ.

ಮೊದಲು ಮಾರಾಟದ ಪುಟ, ಷರತ್ತು, ರಸೀದಿ, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ತೆಗೆಯಿರಿ. ವಿವಾದ ಎದ್ದ ಮೇಲೆ ನಿಮ್ಮ ಲಾಗಿನ್ ಮುಚ್ಚಬಹುದು, ಪುಟ ಬದಲಾಗಬಹುದು. ಆಮೇಲೆ ‘ಹಣ ವಾಪಸು ಕೊಡಿ, ಒಪ್ಪಂದ ರದ್ದು ಮಾಡಿ, ಮುಂದಿನ ಕಡಿತ ನಿಲ್ಲಿಸಿ’ ಎಂದು ಒಂದೇ ಇಮೇಲ್‌ನಲ್ಲಿ ಬರೆಯಿರಿ. ಉತ್ತರಿಸಲು 7 ದಿನ ಕೊಡಿ. ಆದರೂ ಕೊಡದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ, ಕಟ್ಟಿದ ಹಣವನ್ನು ಮಾರಿದವರಿಂದ ವಾಪಸು ತರಿಸುವ ಚಾರ್ಜ್‌ಬ್ಯಾಕ್‌ಗೆ ಅರ್ಜಿ ಹಾಕಿ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳ ಗಡುವು ಅನೇಕ ಪ್ರಕರಣಗಳಲ್ಲಿ 120 ದಿನ, ಬ್ಯಾಂಕಿನ ಗಡುವು ಇನ್ನೂ ಕಡಿಮೆ ಇರಬಹುದು. ಅರ್ಜಿಯಲ್ಲಿ ‘ಮೋಸವಾಯಿತು’ ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಕೊಡುತ್ತೇವೆ ಎಂದದ್ದೇನು, ಕೊಟ್ಟದ್ದೇನು, ಯಾವ ದಿನ ವಾಪಸು ಕೇಳಿದಿರಿ ಎಂದು ಸಾಲು ಸಾಲಾಗಿ ಬರೆಯಿರಿ. ನೇರ ಬ್ಯಾಂಕ್ ವರ್ಗಾವಣೆಯಲ್ಲೋ ಕ್ರಿಪ್ಟೊದಲ್ಲೋ ಕಟ್ಟಿದ್ದರೆ ಚಾರ್ಜ್‌ಬ್ಯಾಕ್ ದಾರಿ ಇರುವುದಿಲ್ಲ. ‘ಕಾರ್ಡ್ ಬೇಡ, ವರ್ಗಾವಣೆ ಮಾಡಿ’ ಎಂದು ಕೇಳಿದಾಗಲೇ ಹಿಂದೆ ಸರಿಯಬೇಕು.

ಪ್ರಶ್ನೆ: ಇಂಥದ್ದೇ ಕೋರ್ಸಿನಲ್ಲಿ ಹಣ ಕಳೆದುಕೊಂಡಿದ್ದೆ. ಈಗ ಯಾರೋ ಕರೆ ಮಾಡಿ, ಶುಲ್ಕ ಕಟ್ಟಿದರೆ ವಸೂಲಿ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ನನ್ನ ಹೆಸರು, ಕಟ್ಟಿದ ಮೊತ್ತ ಎಲ್ಲವೂ ಅವರಿಗೆ ಗೊತ್ತಿದೆ.

ಉತ್ತರ: ಒಮ್ಮೆ ಹಣ ಕೊಟ್ಟವರ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ನಿಮ್ಮ ವಿವರ ಅವರಿಗೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು. ಮುಂಗಡ ಕಟ್ಟಬೇಡಿ. ಫೋನಿಗೆ ಬಂದ ಒಟಿಪಿ ಹೇಳಬೇಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ ಹಾಕಿಕೊಳ್ಳಬೇಡಿ. ಕರೆ ಬಂದ ನಂಬರ್, ದಿನಾಂಕ, ಅವರು ಹೇಳಿದ ಸಂಸ್ಥೆಯ ಹೆಸರನ್ನು ಬರೆದಿಟ್ಟು ನಿಮ್ಮ ಮೂಲ ದೂರಿನ ಜೊತೆಗೇ ಪೊಲೀಸರಿಗೂ ಬ್ಯಾಂಕಿಗೂ ಕೊಡಿ.