ಕುಬಸದ ದಿನದಿಂದ ಎಣಿಸಿ ನೋಡಿದೆವು

ಬೈಲಹೊಂಗಲ ತಾಲ್ಲೂಕಿನ ಓದುಗರೊಬ್ಬರು ನೋಟ್‌ಬುಕ್ಕಿನ ನಾಲ್ಕು ಹಾಳೆ ತುಂಬ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿರಿ ಎಂದಿದ್ದಾರೆ, ಹಾಕುವುದಿಲ್ಲ. ಮುಖ್ಯವಾದಷ್ಟನ್ನು ಅವರ ಮಾತಿನಲ್ಲೇ ಕೊಡುತ್ತಿದ್ದೇವೆ:

“ಸಂಪಾದಕರಿಗೆ ಶರಣು. 2021ರಾಗ ನನ್ನ ಮಗಳು ಬಸರ ಇದ್ದಾಗ ಕೊರೊನಾ ಬಂತು. ಅದಕ್ಕೂ ಮೊದಲ ಅಕಿ ಕುಬಸ (ಸೀಮಂತ) ನಾನು ಹಟ ಹಿಡದು ಮಾಡಿದ್ದೆ. ಅದರಿಂದ ಜಡ್ಡು ಬಂತು, ಕೂಸು ತಿಂಗಳ ತುಂಬದ ಹುಟ್ಟಿತು ಅಂತ ಬೀಗರ ಮನ್ಯಾಗ ಇವತ್ತಿಗೂ ಅಂತಾರ. ಹುಟ್ಟಿದ ಮ್ಯಾಲೆ ಹನ್ನೆರಡು ದಿನ ತಾಯಿಗೆ ಕೂಸಿನ ಮಾರಿ ತೋರಿಸಲಿಲ್ಲ, ಹಾಲು ಹಿಂಡಿ ಚೆಲ್ಲಿಸಿದರು. ಐದನೇ ದಿನ ಸಟವಿ ಪೂಜಾ ಸೈತ ಆಗಲಿಲ್ಲ. ಮೊಮ್ಮಗಳಿಗೆ ಬರೋ ಮೇ ತಿಂಗಳಕ್ಕ ಐದು ತುಂಬತಾವ, ಮಾತು ಇನ್ನೂ ತೊದಲು. ಮಗಳು ಈಗ ಮತ್ತ ಮೂರು ತಿಂಗಳ ಬಸರಿ. ನಾನು ತಪ್ಪು ಮಾಡಿದೆನೇನ್ರಿ?”

ಅಕ್ಕಾವರೆ, ಶರಣು.

ಪತ್ರದ ಜೊತೆಗೆ ಮಗಳ ತಾಯಿ ಕಾರ್ಡಿನ ಜೆರಾಕ್ಸ್ ಇಟ್ಟು ಒಳ್ಳೆಯದು ಮಾಡಿದಿರಿ. ನಾನು ಡಾಕ್ಟರಲ್ಲ. ಆದರೆ ತಾರೀಖು ಎಣಿಸಲು ಡಾಕ್ಟರೇ ಆಗಬೇಕೆಂದಿಲ್ಲ, ಅದನ್ನೇ ಮೊದಲು ಮಾಡೋಣ.

ನೀವು ಕುಬಸ ಮಾಡಿದ್ದು ಏಪ್ರಿಲ್ 18ರ ರವಿವಾರ. ಮಗಳಿಗೆ ಜ್ವರ ಕಾಣಿಸಿದ್ದು ಮೇ 9ಕ್ಕೆ. ನಡುವೆ 21 ದಿನ. ಕೊರೊನಾ ಮೈ ಹೊಕ್ಕ ಮೇಲೆ ಲಕ್ಷಣ ತೋರಲು ಹಿಡಿಯುವುದು 2ರಿಂದ 14 ದಿನ, ಬಹಳಷ್ಟು ಜನರಲ್ಲಿ ಐದಾರು ದಿನಕ್ಕೇ ತೋರುತ್ತದೆ. ಮೂರು ವಾರದ ಹಿಂದಿನ ಆರತಿ ತಟ್ಟೆಯಿಂದ ಈ ಜ್ವರ ಬಂದಿರುವ ಸಂಭವ ತೀರ ಕಡಿಮೆ. ಕುಬಸಕ್ಕೆ ಬಂದವರಿಂದ ಮನೆಯವರಿಗೆ, ಮನೆಯವರಿಂದ ಮಗಳಿಗೆ ದಾಟಿರಬಹುದಲ್ಲ ಎಂದು ಬೀಗರು ಕೇಳಿಯಾರು. ಲಕ್ಷಣ ತೋರದವರಿಂದಲೂ ದಾಟುವುದುಂಟು ನಿಜ, ಆದರೆ ಹಾಗಾಗಿದ್ದರೆ ನಡುವಿನ ದಿನಗಳಲ್ಲಿ ಮನೆಯಲ್ಲಿ ಯಾರಾದರೂ ಜಡ್ಡು ಬಿದ್ದಿರುವ ಸಂಭವವೇ ಹೆಚ್ಚು. ನೀವೇ ಬರೆದಿರುವಂತೆ ಮೊದಲು ಕೆಮ್ಮಿದವರು ಅಳಿಯಂದಿರು, ಅದೂ ಮೇ 4ಕ್ಕೆ. ಅವರು ಕುಬಸದ ಮರುದಿನವೇ ಹುಬ್ಬಳ್ಳಿಗೆ ಡ್ಯೂಟಿಗೆ ಹೋಗಿ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಇದನ್ನು ಓದಿ ಈಗ ಅಳಿಯಂದಿರ ಕಡೆ ಬೊಟ್ಟು ತಿರುಗಿಸಬೇಡಿರಿ ಮತ್ತೆ! ಹೊಟ್ಟೆಪಾಡಿಗೆ ಬಸ್ಸು ಹತ್ತಿದವರು ಅವರು. ನಿಮ್ಮ ಅಂಗಳದಲ್ಲಿ ಹನ್ನೊಂದು ಜನ ಹೆಣ್ಣುಮಕ್ಕಳು ಕೂತು ಹಸಿರು ಬಳೆ ತೊಡಿಸಿದ್ದರ ಹಿಂದಿನ ದಿನವಷ್ಟೇ, ಏಪ್ರಿಲ್ 17ಕ್ಕೆ, ಬೆಳಗಾವಿ ಲೋಕಸಭೆಯ ಉಪಚುನಾವಣೆಯ ಮತದಾನ ಮುಗಿದಿತ್ತು. ಅದಕ್ಕೂ ಮೊದಲಿನ ಪ್ರಚಾರದ ಗದ್ದಲ ನಿಮ್ಮ ತಾಲ್ಲೂಕೂ ಕಂಡದ್ದೇ. ಆ ಸೀಟು ಖಾಲಿಯಾದದ್ದಾದರೂ ಯಾಕೆ? ಸಂಸದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್‌ನಲ್ಲಿ ಇದೇ ಜಡ್ಡಿಗೆ ತೀರಿಕೊಂಡದ್ದರಿಂದ. ಊರಿಗೆ ಊರೇ ನೆರೆದ ತಿಂಗಳಲ್ಲಿ ಹನ್ನೊಂದು ಜನರ ಕುಬಸವನ್ನೇ ಹಿಡಿದುಕೊಂಡು ನಿಮಗೆ ಐದು ವರ್ಷ ಕೊರಗು.

ಇನ್ನು, ಜಡ್ಡಿನಿಂದಲೇ ಕೂಸು ಬೇಗ ಹುಟ್ಟಿತೆ ಎಂಬುದು. ಹಾಗೆ ಆಗಿರಬಹುದು, ಖಚಿತವಾಗಿ ಹೇಳಲು ಮಾತ್ರ ಬಾರದು. ತಾಯಿ ಕಾರ್ಡಿನ ಬಿಪಿ ಕಾಲಂ ನೋಡಿರಿ. ಜನವರಿಯಿಂದ ಏಪ್ರಿಲ್‌ವರೆಗೆ ನೀಲಿ ಪೆನ್ನಿನಲ್ಲಿ 110/70, 112/70, 110/74. ಆಮೇಲೆ ಜ್ವರದಿಂದಾಗಿ ಒಂದು ಸಾಲು ಖಾಲಿ. ಮೇ 26ಕ್ಕೆ ಕೆಂಪು ಪೆನ್ನಿನಲ್ಲಿ 160/110, ಅದರ ಸುತ್ತ ಎರಡು ಸಲ ಗೀಚಿದ ವೃತ್ತ. ಬರೆದ ಸಿಸ್ಟರ್‌ಗೆ ಎದೆ ಝಲ್ಲೆಂದದ್ದು ಜೆರಾಕ್ಸಿನಲ್ಲೂ ಕಾಣುತ್ತದೆ. ನಾಲ್ಕು ದಿನಕ್ಕೆ, 34ನೇ ವಾರಕ್ಕೆ, ಆಪರೇಷನ್ ಮಾಡಿ ಕೂಸು ತೆಗೆದರು. ತೂಕ 1 ಕೆಜಿ 900 ಗ್ರಾಂ.

ಇದು ಗರ್ಭಿಣಿ ನಂಜು, ಅಂದರೆ ಬಸುರಿನಲ್ಲಿ ಬಿಪಿ ಏರುವ ಜಡ್ಡು (ಪ್ರಿಎಕ್ಲಾಂಪ್ಸಿಯಾ). ಭಾರತವೂ ಸೇರಿ 18 ದೇಶಗಳ ಎರಡು ಸಾವಿರಕ್ಕೂ ಮಿಕ್ಕಿದ ಬಸುರಿಯರನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 2021ರ ಏಪ್ರಿಲ್‌ನಲ್ಲಿ, ಅಂದರೆ ನಿಮ್ಮ ಮಗಳ ಕುಬಸದ ತಿಂಗಳಲ್ಲೇ, ಪ್ರಕಟವಾಯಿತು. ಕೊರೊನಾ ತಗುಲಿದ ಬಸುರಿಯರಲ್ಲಿ ಈ ನಂಜು ಉಳಿದವರಿಗಿಂತ ಸುಮಾರು ಮುಕ್ಕಾಲು ಪಟ್ಟು ಹೆಚ್ಚು, ತಿಂಗಳು ತುಂಬದ ಹೆರಿಗೆ ಅರ್ಧ ಪಟ್ಟಿಗಿಂತ ಹೆಚ್ಚು ಎಂದು ಅದರಲ್ಲಿ ಕಂಡಿತು. ಕೊರೊನಾ ಬರೀ ಪುಪ್ಪುಸದ ಜಡ್ಡಲ್ಲ, ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ. ನಂಜಿನಲ್ಲೂ ಕೆಡುವುದು ಅದೇ ಪದರ. ಕೆಲವು ಬಸುರಿಯರಲ್ಲಂತೂ ವೈರಸ್ಸು ಮಾಸನ್ನೇ (ಪ್ಲಾಸೆಂಟಾ) ಹಾಳು ಮಾಡಿ, ಕೂಸಿಗೆ ಸೋಂಕು ಮುಟ್ಟದೆಯೂ ಉಸಿರು ಸಿಗದಂತೆ ಮಾಡಿದ್ದಿದೆ. ಅಮೆರಿಕದ 12 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕದಲ್ಲಿ, ಕೊರೊನಾದ ಡೆಲ್ಟಾ ತಳಿ ಹರಡಿದ್ದ ಕಾಲಕ್ಕೆ ಸೋಂಕಿತ ತಾಯಂದಿರಲ್ಲಿ ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಇತರರ ನಾಲ್ಕು ಪಟ್ಟು ಇತ್ತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟ ಲೆಕ್ಕ: ಸೋಂಕಿತ ಬಸುರಿ-ಬಾಣಂತಿಯರ ಸಾವು ಮೊದಲ ಅಲೆಯಲ್ಲಿ ನೂರಕ್ಕೆ 0.7, ಎರಡನೆಯದರಲ್ಲಿ 5.7. ಆ ಎರಡನೇ ಅಲೆಯ ನಟ್ಟನಡುವೆ ನಿಮ್ಮ ಮಗಳು, ಮೊಮ್ಮಗಳು ಇಬ್ಬರೂ ಉಳಿದು ಮನೆಗೆ ಬಂದರು. ಬಿಪಿ ನೋಡಿದ ಆ ಕೆಂಪು ಪೆನ್ನಿನವರಿಗೆ ಅದರಲ್ಲಿ ದೊಡ್ಡ ಪಾಲಿದೆ.

ಲಸಿಕೆ ಹಾಕಿಸಿದ್ದರೆ ಎಂದು ಯಾರಾದರೂ ಅಂದರೆ ಅದಕ್ಕೂ ತಾರೀಖೇ ಉತ್ತರ. 18 ದಾಟಿದವರಿಗೆಲ್ಲ ಲಸಿಕೆ ತೆರೆದದ್ದು 2021ರ ಮೇ 1ಕ್ಕೆ. ಹಾಲುಣಿಸುವ ತಾಯಂದಿರಿಗೆ ಒಪ್ಪಿಗೆ ಸಿಕ್ಕಿದ್ದು ಮೇ 19ಕ್ಕೆ. ಬಸುರಿಯರಿಗೆ ಜುಲೈ 2ಕ್ಕೆ. ಅಷ್ಟು ಹೊತ್ತಿಗೆ ನಿಮ್ಮ ಮೊಮ್ಮಗಳಿಗೆ ತಿಂಗಳು ದಾಟಿತ್ತು.

ಹನ್ನೆರಡು ದಿನದ ಮಾತಿಗೆ ಬರುತ್ತೇನೆ. ಆಸ್ಪತ್ರೆಯ ಹೆಸರು ಬರೆದಿದ್ದೀರಿ, ನಾವು ಮುದ್ರಿಸುತ್ತಿಲ್ಲ. ಎರಡು ಕೆಜಿಯೂ ಇಲ್ಲದ, 34 ವಾರದ ಕೂಸನ್ನು ಕಾಚಿನ ಪೆಟ್ಟಿಗೆಯಲ್ಲಿಟ್ಟದ್ದು ತಪ್ಪಲ್ಲ, ಕೊರೊನಾ ಇರದಿದ್ದರೂ ಇಡುತ್ತಿದ್ದರು. ಆದರೆ ತಾಯಿಯನ್ನು ಹತ್ತಿರ ಬಿಡದೆ, ಹಿಂಡಿದ ಹಾಲನ್ನು ಚೆಲ್ಲಿಸಿ, ಪುಡಿ ಹಾಲು ಹಾಕಿದ್ದಕ್ಕೆ ಆಗಲೂ ಆಧಾರ ಇರಲಿಲ್ಲ. ಹೆರಿಗೆ ದಿನ ಟೆಸ್ಟ್ ಮತ್ತೆ ಪಾಸಿಟಿವ್ ಬಂತು ಎಂದು ಕಾರಣ ಕೊಟ್ಟರಂತೆ. ಜ್ವರ ಬಂದು 21 ದಿನವಾಗಿತ್ತು. ಸತ್ತ ವೈರಸ್ಸಿನ ಚೂರುಗಳನ್ನೂ ಆ ಟೆಸ್ಟ್ ವಾರಗಟ್ಟಲೆ ಹಿಡಿದು ತೋರಿಸುತ್ತದೆ. ಸೌಮ್ಯ ಲಕ್ಷಣದವರನ್ನು ಹತ್ತು ದಿನಕ್ಕೆ, ಮರುಟೆಸ್ಟ್ ಇಲ್ಲದೆಯೇ ಮನೆಗೆ ಕಳಿಸಿರಿ ಎಂಬ ಕೇಂದ್ರದ ನಿಯಮ 2020ರ ಮೇ ತಿಂಗಳಿನದು. ಸೋಂಕಿತ ತಾಯಿಯೂ ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲೇ ಹೇಳಿತ್ತು. ಸೋಂಕಿತ ತಾಯಂದಿರ ನೂರು ಕೂಸುಗಳಲ್ಲಿ ಪಾಸಿಟಿವ್ ಬಂದವು ಎರಡೂ ತುಂಬಲಿಲ್ಲ ಎಂದು ಮುಂದೆ ಗೊತ್ತಾಯಿತು. ಚೆಲ್ಲಿಸಿದ ಹಾಲಿನಲ್ಲೇ ಆ ಜಡ್ಡಿಗೆ ಎದುರು ನಿಲ್ಲುವ ಪ್ರತಿಕಾಯಗಳಿದ್ದ ಸಂಭವ ಹೆಚ್ಚು.

ಇಲ್ಲಿ ನಮ್ಮದೂ ಒಂದು ಒಪ್ಪಿಗೆ ಇದೆ. ನಿಮ್ಮ ಪತ್ರ ಓದಿ ಹಳೆಯ ಸಂಚಿಕೆಗಳನ್ನು ತೆಗೆಸಿದೆ. 2020ರ ಆಗಸ್ಟ್ ಸಂಚಿಕೆಯ 31ನೇ ಪುಟದಲ್ಲಿ, ಮಳೆಗಾಲದ ಮನೆಮದ್ದಿನ ಕೆಳಗೆ, ಒಂದು ಚೌಕದಲ್ಲಿ ಹೀಗಿದೆ: ‘ಸೋಂಕಿತ ತಾಯಿ 14 ದಿನ ಮಗುವಿನಿಂದ ದೂರವಿರಲಿ, ಎದೆಹಾಲು ಬೇಡ.’ ಬರೆದವರ ಹೆಸರಿಲ್ಲ. ಹೆಸರಿಲ್ಲ ಎಂದರೆ ಬರೆದವನು ಸಂಪಾದಕ ಎಂದೇ ಲೆಕ್ಕ. ಎಲ್ಲಿಂದ ಎತ್ತಿದ್ದೆನೋ ನೆನಪಿಲ್ಲ. ತಾಯಿ-ಕೂಸು ಬೇರೆ ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಆ ಏಪ್ರಿಲ್‌ನಲ್ಲಿ ಹೇಳಿತ್ತು ನಿಜ. ಆದರೆ ಹಿಂಡಿದ ಹಾಲು ಬೇಡವೆಂದು ಅವರು ಹೇಳಿರಲಿಲ್ಲ, ಬೇರೆ ಇಡುವ ಮಾತನ್ನೂ ಜುಲೈನಲ್ಲಿ ತಿದ್ದಿಕೊಂಡರು. ನಾವು ತಿದ್ದಲಿಲ್ಲ. ಆ ಚೌಕವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡ ವಾರ್ಡು ಎಲ್ಲಾದರೂ ಇತ್ತೋ ಏನೋ. ನಿಮ್ಮ ಮಗಳ ಮುಂದೆ ಇದನ್ನು ಓದಿ ಹೇಳಿರಿ, ಕ್ಷಮೆ ಕೇಳಿದ್ದೇನೆಂದೂ ಹೇಳಿರಿ. ಸಟವಿ ಪೂಜೆ ತಪ್ಪಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮೊಮ್ಮಗಳ ಮಾತು. ನ್ಯೂಯಾರ್ಕಿನಲ್ಲಿ 2020ರಲ್ಲಿ ಹುಟ್ಟಿದ 255 ಕೂಸುಗಳನ್ನು ಆರು ತಿಂಗಳಿಗೆ ಪರೀಕ್ಷಿಸಿದಾಗ, ಹೊಟ್ಟೆಯಲ್ಲಿದ್ದಾಗ ತಾಯಿಗೆ ಕೊರೊನಾ ಬಂದವಕ್ಕೂ ಬರದವಕ್ಕೂ ಬೆಳವಣಿಗೆಯಲ್ಲಿ ಭೇದ ಕಾಣಲಿಲ್ಲ. ಮ್ಯಾಸಚೂಸೆಟ್ಸ್‌ನ ಆಸ್ಪತ್ರೆ ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ ಒಂದು ವರ್ಷದೊಳಗೆ ಸ್ವಲ್ಪ ಭೇದ ಕಂಡಿತು. ಈ ಜಗ್ಗಾಟ ಮುಗಿಯುವವರೆಗೆ ನೀವು ಕಾಯುತ್ತ ಕೂಡಬೇಕಿಲ್ಲ. ಕಾರಣ ಯಾವುದಿದ್ದರೂ ಮೊದಲು ನೋಡಬೇಕಾದದ್ದು ಕಿವಿ. ಐದು ದಿನಕ್ಕಿಂತ ಹೆಚ್ಚು ಹಸುಗೂಸುಗಳ ತೀವ್ರ ನಿಗಾ ವಾರ್ಡಿನಲ್ಲಿದ್ದ ಕೂಸುಗಳಿಗೆ ಕಿವಿ ಮಂದವಾಗುವ ಸಂಭವ ಇತರರಿಗಿಂತ ಹೆಚ್ಚು. ಅರ್ಧ ಕೇಳಿದ ಕೂಸು ಅರ್ಧವೇ ಆಡುತ್ತದೆ. ‘ಟಿವಿ ಹತ್ತಿರ ಹೋಗಿ ಕೂಡತಾಳ’ ಎಂದು ಮೂರನೇ ಹಾಳೆಯ ಅಂಚಿನಲ್ಲಿ ಬರೆದಿದ್ದೀರಲ್ಲ, ನನಗೆ ನಾಲ್ಕೂ ಹಾಳೆಗಿಂತ ಅದೇ ಮುಖ್ಯವೆನಿಸಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ, ಅವರಿಂದ ಚೀಟಿ ಪಡೆಯಬಹುದು. ಚೀಟಿಗೆ ಕಾಯದೆ ಬೆಳಗಾವಿಯ ಸರಕಾರಿ ಆಸ್ಪತ್ರೆ ಬಿಮ್ಸ್‌ನ ಕಿವಿ-ಮೂಗು-ಗಂಟಲು ವಿಭಾಗಕ್ಕೆ ನೇರ ಹೋದರೂ ನಡೆಯುತ್ತದೆ. ಹೆರಿಗೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ.

ಮಗಳ ಈಗಿನ ಬಸುರಿನದು ಮಾತ್ರ ಅವಸರದ ಕೆಲಸ. ಒಮ್ಮೆ ನಂಜು ಬಂದವರಿಗೆ ಮತ್ತೆ ಬರುವ ಸಂಭವ ಇದ್ದೇ ಇರುತ್ತದೆ, ಈ ಸಲ ಕೊರೊನಾ ಸುಳಿಯದಿದ್ದರೂ. ಅಂಥವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಗುಳಿಗೆಯನ್ನು 12ರಿಂದ 16ನೇ ವಾರದೊಳಗೆ ಶುರು ಮಾಡುತ್ತಾರೆ. ಮೂರು ತಿಂಗಳೆಂದರೆ ಅವರು ಈಗ ಅಲ್ಲೇ ಇದ್ದಾರೆ. ತಾವಾಗಿಯೇ ಅಂಗಡಿಯಿಂದ ತಂದು ನುಂಗುವ ಗುಳಿಗೆ ಅಲ್ಲ ಅದು. ಹಳೆಯ ತಾಯಿ ಕಾರ್ಡನ್ನು, ಆ ಕೆಂಪು ವೃತ್ತದ ಪುಟ ತೆರೆದೇ, ಡಾಕ್ಟರರ ಮುಂದೆ ಇಟ್ಟು ಕೇಳಿರಿ. ಹೊಸ ಕಾರ್ಡಿನಲ್ಲಿ ಹಳೆಯ ನಂಜು ತಾನಾಗಿ ಕಾಣುವುದಿಲ್ಲ. ಬಸುರಿಯರಿಗೆ ಈ ಗುಳಿಗೆ ಕೊಟ್ಟು ನೋಡಿದ ಒಂದು ದೊಡ್ಡ ಪ್ರಯೋಗ ಆರು ದೇಶಗಳಲ್ಲಿ ನಡೆದು 2020ರ ಜನವರಿಯಲ್ಲಿ ಫಲಿತಾಂಶ ಬಂತು: ಚೊಚ್ಚಲ ಬಸುರಿನ ಸುಮಾರು 12 ಸಾವಿರ ಹೆಣ್ಣುಮಕ್ಕಳಲ್ಲಿ, ಗುಳಿಗೆ ತೆಗೆದುಕೊಂಡವರಿಗೆ ತಿಂಗಳು ತುಂಬದ ಹೆರಿಗೆ ತೆಗೆದುಕೊಳ್ಳದವರಿಗಿಂತ ನೂರಕ್ಕೆ 11ರಷ್ಟು ಕಡಿಮೆ ಇತ್ತು. ಆ ಪ್ರಯೋಗ ನಡೆದ ಊರುಗಳ ಪಟ್ಟಿಯಲ್ಲಿ ಕೆಎಲ್‌ಇಯ ಜೆಎನ್ ಮೆಡಿಕಲ್ ಕಾಲೇಜಿನ ಮೂಲಕ ನಮ್ಮ ಬೆಳಗಾವಿಯೂ ಇತ್ತು.

ಸಂಚಿಕೆ ನಿಮ್ಮ ಊರಿನ ಅಂಚೆ ಮುಟ್ಟುವಷ್ಟರಲ್ಲಿ 16ನೇ ವಾರ ದಾಟೀತೆಂಬ ಅಂಜಿಕೆಯಿಂದ ಈ ಉತ್ತರದ ಕೈಬರಹದ ಪ್ರತಿಯನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕಿದ್ದೇನೆ. ಲಕೋಟೆಯ ಮೇಲೆ ನಿಮ್ಮ ಹೆಸರಿಲ್ಲ, ಮಗಳ ಹೆಸರಿದೆ.

— ಸಂಪಾದಕ