ಓದುಗರ ಪ್ರಶ್ನೆ: ತಮ್ಮನ ಕವಿತೆಯನ್ನು ನಾನು ತಿದ್ದಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ವೀಲ್‌ಚೇರಿನಲ್ಲೇ ಇರುತ್ತಾನೆ, ಅವನ ಮಾತು ಮನೆಯವರಿಗಷ್ಟೇ ತಿಳಿಯುತ್ತದೆ. ನಮ್ಮ ಮನೆಮಾತು ಉರ್ದು. ಅವನು ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕವಿತೆ ಬರೆಯುತ್ತಾನೆ. ಅಕ್ಷರ ಕನ್ನಡ, ನಡುನಡುವೆ ಮನೆಯ ಮಾತು. ಓಣಿಯ ಕಾರ್ಯಕ್ರಮದಲ್ಲಿ ಒಂದು ಕವಿತೆಯನ್ನು ಶುದ್ಧ ಕನ್ನಡಕ್ಕೆ ತಿದ್ದಿ ನಾನೇ ಓದಿದೆ. 'ಧಕ್ಕಾ ನಕ್ಕೋ, ನಾನೇ ಬರ್ತೀನಿ' ಅಂತ ಇದ್ದದ್ದನ್ನು 'ದೂಡದಿರಿ, ನಾನೇ ಬರುವೆನು' ಅಂತ ಮಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಮನೆಗೆ ಬಂದು 'ಅದು ನಂದಲ್ಲ' ಅಂದ. ತಿಂಗಳಾಯಿತು, ಬರೆದದ್ದನ್ನು ನನಗೆ ತೋರಿಸುತ್ತಿಲ್ಲ. ನಾನು ಮಾಡಿದ್ದು ಒಳ್ಳೆಯದಕ್ಕೇ ಅಲ್ವಾ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ತಂಗಿ, ಒಳ್ಳೆಯದಕ್ಕೇ ಮಾಡಿದ್ದೀರಿ. ಆದರೂ ತಮ್ಮ ಹೇಳಿದ್ದು ಸರಿ. ನೀವು ಓದಿದ್ದು ಅವನದಲ್ಲ.

ಆ ಸಾಲನ್ನು ಇನ್ನೊಮ್ಮೆ ನೋಡಿ. 'ಧಕ್ಕಾ ನಕ್ಕೋ.' ಯಾರಾದರೂ ಹಿಂದಿನಿಂದ ಬಂದು, ಕೇಳದೇ ವೀಲ್‌ಚೇರ್ ತಳ್ಳಿದಾಗ ಅವನ ಬಾಯಿಂದ ಬರುವ ಮಾತು ಇದೇ ಇರಬೇಕು. ದಿನಕ್ಕೆ ಎಷ್ಟು ಸಲ ಹೇಳುತ್ತಾನೋ! 'ದೂಡದಿರಿ' ಅಂತ ನಿಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅಂದಿಲ್ಲ. 'ಬರ್ತೀನಿ' ಅನ್ನುವುದರಲ್ಲಿ ಹಟ ಇದೆ. 'ಬರುವೆನು' ಅಂದ ಕೂಡಲೇ ಅದು ಸಭೆಗೆ ಕೈಮುಗಿದ ಹಾಗಾಯಿತು. 'ನಕ್ಕೋ' ಅಂದರೆ ಹುಬ್ಬಳ್ಳಿಯಲ್ಲಿ ಯಾರಿಗೆ ತಿಳಿಯುವುದಿಲ್ಲ ಹೇಳಿ? ದುರ್ಗದ ಬೈಲಿನಲ್ಲಿ ಒಂದು ತಾಸು ನಿಂತರೆ ಕನ್ನಡ, ಉರ್ದು, ಮರಾಠಿ, ಸಾವಜಿ ಜನರ ಮಾತು ಎಲ್ಲ ಕಿವಿಗೆ ಬೀಳುತ್ತವೆ. ಅವನು ತನ್ನ ಊರಿನ ಮಾತಿನಲ್ಲೇ ಬರೆದಿದ್ದಾನೆ.

ಇನ್ನೊಂದು ವಿಷಯ. ಒಂದು ಬೆರಳಿನಿಂದ, ಕೈ ನಡುಗುತ್ತಾ ಟೈಪ್ ಮಾಡುವವರ ಪಕ್ಕ ನಾನು ಬಹಳ ಹೊತ್ತು ಕೂತಿದ್ದೇನೆ. ಬೆರಳು ಕೀಲಿಯ ಮೇಲೆ ಬರುತ್ತದೆ, ಜಾರುತ್ತದೆ, ಪಕ್ಕದ ಅಕ್ಷರ ಬೀಳುತ್ತದೆ, ಅಳಿಸಬೇಕು. ಒಂದು ಸಾಲಿಗೆ ಹತ್ತು ನಿಮಿಷ ಹಿಡಿದದ್ದನ್ನು ಕಂಡಿದ್ದೇನೆ. ಅಷ್ಟು ಕಷ್ಟಪಟ್ಟು ಬರೆಯುವವರು ಸುಮ್ನೆ ಒಂದು ಪದ ಹಾಕುವುದಿಲ್ಲ. ಆ 'ನಕ್ಕೋ' ಆರಿಸಿ ಹಾಕಿದ ಪದ.

ಮೊದಲು ಅವನ ಹತ್ತಿರ ಹೋಗಿ 'ತಪ್ಪಾಯಿತು' ಅನ್ನಿ. ಸಮಜಾಯಿಷಿ ಕೊಡಬೇಡಿ. ಆಮೇಲೆ ಹಳೆಯ ಕವಿತೆಯನ್ನು ಅವನು ಬರೆದ ಹಾಗೇ ಅವನ ಮುಂದೆ ಓದಿ. ಇನ್ನು ಮುಂದೆ ಕಾಗುಣಿತ ತಪ್ಪಿದೆ ಅನ್ನಿಸಿದರೂ ಬೆರಳಿಟ್ಟು ತೋರಿಸಿ, 'ಇದು ಹೀಗೇ ಇರಲಾ?' ಅಂತ ಕೇಳಿ, ಹೌದು-ಅಲ್ಲ ಅನ್ನಲು ಸಮಯ ಕೊಡಿ. ಉತ್ತರ ಬರುವ ಮೊದಲೇ 'ಹೌದಲ್ಲ?' ಅಂತ ನೀವೇ ಹೇಳಿಬಿಡಬೇಡಿ. ನೆರವಿಗೆ ಕೂತ ನಾವೆಲ್ಲ ಜಾಸ್ತಿ ಎಡವುವುದು ಅಲ್ಲೇ.

ಫೋನಿನಲ್ಲೂ ಸ್ವಲ್ಪ ಕೆಲಸ ಇದೆ. ಪದಗಳನ್ನು ತಾನೇ ತಿದ್ದುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ 'ನಕ್ಕೋ'ವನ್ನು ಅದೇ ಬದಲಿಸಿಬಿಡುತ್ತದೆ. ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡಿನ ಸ್ವಂತ ಪದಪಟ್ಟಿಯಲ್ಲಿ ಅವನ ಪದಗಳನ್ನು ಸೇರಿಸಿದರೆ ಎರಡು ಅಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ಮೇಲೆ ಬರುತ್ತದೆ. ಬೆರಳು ತುಸು ಹೊತ್ತು ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚು-ಕಡಿಮೆ ಮಾಡಲು ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಅವಕಾಶ ಇದೆ. ಫೋನಿಗೆ ಕನ್ನಡ ಓದಿ ಹೇಳುವ ಧ್ವನಿಯೂ ಇದೆ. ತನ್ನ ಕವಿತೆ ಕಿವಿಗೆ ಹೇಗೆ ಕೇಳುತ್ತದೆ ಅಂತ ಯಾರನ್ನೂ ಕರೆಯದೇ ಕೇಳಿಕೊಳ್ಳಬಹುದು.

ವೇದಿಕೆಯ ಮೇಲೆ ಅವನೇ ಓದಲಿ ಅನ್ನುವುದು ನನ್ನ ಆಸೆ. ಹಿಂದೆ ಪರದೆಯ ಮೇಲೆ ಸಾಲುಗಳು ಬರಲಿ, ಮುಂದೆ ಅವನ ದನಿ ಇರಲಿ. ಒಂದು ಸಾಲಿಗೆ ಒಂದು ನಿಮಿಷವಾದರೆ ಆಗಲಿ, ಜನ ಕಾಯುತ್ತಾರೆ. ಒಪ್ಪದಿದ್ದರೆ ಓದುವವರನ್ನು ಅವನೇ ಆರಿಸಲಿ. ವೇದಿಕೆಗೆ ಇಳಿಜಾರು ಇದೆಯಾ ಅಂತ ಸಂಘಟಕರನ್ನು ಮೊದಲೇ ಕೇಳಿ. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಹತ್ತಿಸುವುದು ಬೇಡ. ಕೇಳಲು ಸಂಕೋಚ ಯಾಕೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲ ಕಲಾವಿದರಿಗೆ, ಬರಹಗಾರರಿಗೆ ನೆರವು ಕೊಡಬೇಕು ಅಂತಲೇ ಹೇಳುತ್ತದೆ. ಆ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ.

ಚಪ್ಪಾಳೆಯ ಮಾತು ಬಂದಿತಲ್ಲ. ಅದು ಕವಿತೆಗೆ ಬಿದ್ದದ್ದೋ, 'ಪಾಪ' ಅನ್ನುವುದಕ್ಕೋ? ಅವನಿಗೆ ಆ ವ್ಯತ್ಯಾಸ ಖಂಡಿತ ತಿಳಿದಿದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ, ಕರ್ನಾಟಕಿ ಎರಡನ್ನೂ ಹಾಡುತ್ತಿದ್ದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು. ಜನ ಗದಗಿಗೆ ಬರುತ್ತಿದ್ದದ್ದು ಸಂಗೀತ ಕೇಳಲು, ಕನಿಕರ ತೋರಿಸಲು ಅಲ್ಲ.

ಪ್ರಶ್ನೆ: ನಮ್ಮದು ತಾಂಡಾ. 17 ವರ್ಷದ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಕನ್ನಡಿ, ಕವಡಿ ಹಚ್ಚಿ ಲಂಬಾಣಿ ಕಸೂತಿ ಚೆಂದ ಮಾಡುತ್ತಾಳೆ. ಹೊಲಿಗೆ ಕ್ಲಾಸಿನವರು 'ಇದನ್ನು ಬಿಟ್ಟು ಧಾರವಾಡ ಕಸೂತಿ ಕಲಿಸಿ, ಮಾರಾಟ ಆಗುತ್ತದೆ' ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಶಿರಹಟ್ಟಿ ತಾಲ್ಲೂಕು

ಉತ್ತರ: ಅಕ್ಕ, ಕಲಿಯಲಿ, ಆದರೆ ಬಿಟ್ಟು ಕಲಿಯುವುದು ಬೇಡ.

ನಾನೂ ಒಮ್ಮೆ ಹೀಗೆ ಮಾಡಿದ್ದೆ. ಕಣ್ಣು ಕಾಣದ ಒಬ್ಬ ತಾಂಡಾ ಹುಡುಗ ತನ್ನ ಅಜ್ಜಿಯಿಂದ ಕಲಿತ ಲಂಬಾಣಿ ಹಾಡು ಹಾಡುತ್ತಿದ್ದ. ವಾರ್ಷಿಕೋತ್ಸವಕ್ಕೆ ಅದು ಬೇಡ, ವಚನ ಹಾಡು ಅಂದೆ. ವಚನ ಚೆನ್ನಾಗೇ ಹಾಡಿದ. ಆಮೇಲೆ ಅಜ್ಜಿಯ ಹಾಡನ್ನು ನನ್ನ ಮುಂದೆ ಎಂದೂ ಹಾಡಲಿಲ್ಲ. ಆ ನೋವು ಇನ್ನೂ ಇದೆ.

ಧಾರವಾಡ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಗಾವಂತಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಕೈ ಹದವಾಗಿರುವ ಹುಡುಗಿಗೆ ಇದು ಬೇಗ ಹತ್ತುತ್ತದೆ. ಲಂಬಾಣಿ ಕೆಲಸಕ್ಕೂ ಮಾರುಕಟ್ಟೆ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆಯೇ, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತೇ, ಸಿಕ್ಕಿದೆ. ಯಾವ ಬಟ್ಟೆಗೆ ಯಾವುದು ಅನ್ನುವುದನ್ನು ಅವಳೇ ನಿರ್ಧರಿಸಲಿ.

ಮನೆಯಲ್ಲಿ ನೀವಿಬ್ಬರೂ ಮಾಡಿಕೊಂಡ ಸನ್ನೆಗಳನ್ನು ಬಿಡಿಸಬೇಡಿ. ಅದರ ಜೊತೆಗೆ ಭಾರತೀಯ ಸನ್ನೆ ಭಾಷೆ ಕಲಿತರೆ ಹೊರಗಿನ ಕಿವುಡ ಗೆಳತಿಯರ ಜೊತೆ ಮಾತಾಡಬಹುದು, ತನ್ನ ಕೆಲಸದ ದರ ತಾನೇ ಹೇಳಬಹುದು. ದೆಹಲಿಯ ಸನ್ನೆ ಭಾಷಾ ಸಂಶೋಧನಾ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ವಿಡಿಯೋ ಪುಕ್ಕಟೆ ಸಿಗುತ್ತವೆ. ನೀವೂ ಪಕ್ಕದಲ್ಲಿ ಕೂತು ಕಲಿಯಿರಿ. ದಿನಕ್ಕೆ ಐದು ಪದ ಸಾಕು. ದಾರದ ಉಂಡೆಗಳನ್ನು ಮುಂದಿಟ್ಟುಕೊಂಡು ಬಣ್ಣಗಳಿಂದ ಶುರು ಮಾಡಿ.