ಟ್ರವೋಲ್ಟಾ ನಿಜಕ್ಕೂ ತೆರೆಮರೆಗೆ ಸರಿದಿದ್ದರೇ?

1994ರ ‘ಪಲ್ಪ್ ಫಿಕ್ಷನ್’ ಚಿತ್ರಕ್ಕೆ ಮೊದಲು ಹಾಲಿವುಡ್ ನಟ ಜಾನ್ ಟ್ರವೋಲ್ಟಾ ಅವರಿಗೆ ಅವಕಾಶಗಳೇ ಇರಲಿಲ್ಲವೇ ಎಂದು ಕೇಳಿದ್ದೀರಿ, ಹಾಗೆನ್ನುವುದು ಪೂರ್ತಿ ಸರಿಯಲ್ಲ. 1977ರ ‘ಸ್ಯಾಟರ್ಡೇ ನೈಟ್ ಫೀವರ್’ಗಾಗಿ 24ನೆಯ ವಯಸ್ಸಿನಲ್ಲೇ ಆಸ್ಕರ್ ನಾಮನಿರ್ದೇಶನ ಪಡೆದು, ಮರುವರ್ಷ ‘ಗ್ರೀಸ್’ನಿಂದ ಇನ್ನಷ್ಟು ಜನಪ್ರಿಯರಾದ ಅವರು, ಬಳಿಕ ‘ಅಮೆರಿಕನ್ ಜಿಗೊಲೊ’ ಮತ್ತು ‘ಆ್ಯನ್ ಆಫೀಸರ್ ಆ್ಯಂಡ್ ಎ ಜೆಂಟಲ್‌ಮನ್’ ಚಿತ್ರಗಳನ್ನು ಕೈಬಿಟ್ಟರು. ಆ ಎರಡೂ ಪಾತ್ರಗಳು ರಿಚರ್ಡ್ ಗಿಯರ್ ಪಾಲಾಗಿ ಅವರನ್ನು ತಾರೆಯನ್ನಾಗಿಸಿದವು. ಎಂಬತ್ತರ ದಶಕದ ಹಿನ್ನಡೆಗೆ ದುರದೃಷ್ಟಕ್ಕಿಂತ ಇಂತಹ ಆಯ್ಕೆಗಳೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ. ಆದರೂ 1989ರ ‘ಲುಕ್ ಹೂಸ್ ಟಾಕಿಂಗ್’ ಭಾರಿ ಗಳಿಕೆ ಕಂಡು, ಅದರ ಇನ್ನೆರಡು ಭಾಗಗಳೂ ಬಂದವು (ಅಲ್ಲಿ ಜನರನ್ನು ಸೆಳೆದದ್ದು ಮಾತನಾಡುವ ಮಗು ಎಂಬುದು ಬೇರೆ ಮಾತು). ಕೆಲಸವಿತ್ತು, ಗಂಭೀರ ನಟನೆಂಬ ಮನ್ನಣೆ ಹೋಗಿತ್ತು; ಅದನ್ನು ‘ಪಲ್ಪ್ ಫಿಕ್ಷನ್’ ನಿರ್ದೇಶಕ ಟ್ಯಾರಂಟಿನೊ ಮರಳಿಸಿದರು, ಎರಡನೆಯ ನಾಮನಿರ್ದೇಶನವೂ ದೊರೆಯಿತು. ತೆರೆಗೆ ತರಲು ತಾವೇ ವರ್ಷಗಟ್ಟಲೆ ಹೆಣಗಿದ ‘ಬ್ಯಾಟಲ್‌ಫೀಲ್ಡ್ ಅರ್ತ್’ ಮಾತ್ರ 2000ದಲ್ಲಿ ನೆಲಕಚ್ಚಿತು.